ಡೆಲ್ಫಿಯಲ್ಲಿ ಅಪೊಲೊಗಿಂತ ಮೊದಲು ಕಣಿ ಹೇಳಿದವಳು

ಬರ್ಲಿನ್ನಿನ ಮ್ಯೂಸಿಯಂನಲ್ಲಿ ಗ್ರೀಕರ ಹಳೆಯ ಬಟ್ಟಲೊಂದಿದೆ. ಸುಮಾರು ಕ್ರಿ.ಪೂ. 440-430ರದು. ಅದರ ಒಳಗಡೆ ಒಂದು ಚಿತ್ರ. ಎತ್ತರದ ಮುಕ್ಕಾಲಿಯ ಮೇಲೆ ಹೆಂಗಸೊಬ್ಬಳು ತಲೆತುಂಬ ಹೊದ್ದು ಕೂತಿದ್ದಾಳೆ. ಒಂದು ಕೈಯಲ್ಲಿ ಲಾರೆಲ್ ಗಿಡದ ರೆಂಬೆ, ಇನ್ನೊಂದರಲ್ಲಿ ತಟ್ಟೆ. ಆ ತಟ್ಟೆಯೊಳಗೇ ನೋಡುತ್ತಿದ್ದಾಳೆ. ಮಕ್ಕಳಿಲ್ಲದ ಅಥೆನ್ಸಿನ ದೊರೆ ಏಜಿಯಸ್ ಎದುರಿಗೆ ಕಣಿ ಕೇಳಲು ನಿಂತಿದ್ದಾನೆ. ಅವಳ ಹೆಸರನ್ನೂ ಬರೆದಿದ್ದಾರೆ: ಥೆಮಿಸ್.

ನಮಗೆ ಥೆಮಿಸ್ ಅಂದರೆ ತಕ್ಕಡಿ ಹಿಡಿದ ನ್ಯಾಯದೇವತೆ. ಚಿತ್ರದಲ್ಲಿರುವುದು ಡೆಲ್ಫಿ, ಗ್ರೀಕರು ಕಣಿ ಕೇಳಲು ಹೋಗುತ್ತಿದ್ದ ಊರು. ಅದೋ ಅಪೊಲೊ ದೇವರ ಕ್ಷೇತ್ರ, ಅಲ್ವಾ? ಅಲ್ಲಿ ಇವಳು ಯಾಕೆ ಕೂತಳು?

ಅಪೊಲೊನನ್ನು ಹೊಗಳುವ ಹಳೆಯ ಸ್ತುತಿಯೊಂದರಲ್ಲಿ ಇವಳಿಗೆ ಡೆಲ್ಫಿಯಲ್ಲಿ ಜಾಗವೇ ಇಲ್ಲ. ಅಪೊಲೊ ಬಂದ, ನೀರಿನ ಊಟೆಯ ಹತ್ತಿರ ಹೆಣ್ಣು ಸರ್ಪವನ್ನು ಕೊಂದ, ಗುಡಿ ಕಟ್ಟಿಸಿದ. ಅಷ್ಟೇ.

ಕ್ರಿ.ಪೂ. 458ರಲ್ಲಿ ಈಸ್ಕಿಲಸ್ ತನ್ನ ನಾಟಕದಲ್ಲಿ ಬೇರೆಯೇ ಕಥೆ ಹೇಳಿದ. ಮೊದಲು ಕಣಿ ಹೇಳಿದವಳು ಭೂತಾಯಿ ಗಾಯಾ. ಆಮೇಲೆ ಮಗಳು ಥೆಮಿಸ್. ಅವಳ ನಂತರ ತಂಗಿ ಫೀಬಿ. ಫೀಬಿ ಆ ಕಣಿಯ ಪೀಠವನ್ನು ಮೊಮ್ಮಗ ಅಪೊಲೊಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಕೊಟ್ಟಳು. ಥೆಮಿಸ್ ಒಪ್ಪಿಯೇ ಬಿಟ್ಟುಕೊಟ್ಟಳು, ಯಾರೂ ಬಲವಂತ ಮಾಡಲಿಲ್ಲ ಅಂತ ಈಸ್ಕಿಲಸ್ ಒತ್ತಿ ಹೇಳುತ್ತಾನೆ. ಅಪೊಲೊ ಅದನ್ನು ಕಿತ್ತುಕೊಂಡ ಕಥೆ ಆಗಲೇ ಜನರ ಬಾಯಲ್ಲಿ ಇದ್ದಿರಬೇಕು, ಇಲ್ಲದಿದ್ದರೆ ಈ ಮಾತು ಸುಮ್ನೆ ಬರುತ್ತಿರಲಿಲ್ಲ ಅನ್ನಿಸುತ್ತದೆ.

ಕೆಲವು ದಶಕಗಳ ನಂತರ ಯೂರಿಪಿಡೀಸ್ ಅದೇ ಕಿತ್ತುಕೊಂಡ ಕಥೆಯನ್ನು ರಂಗಕ್ಕೆ ತಂದ. ಅಪೊಲೊ ಇನ್ನೂ ಅಮ್ಮನ ತೋಳಲ್ಲಿದ್ದ ಕೂಸು. ಆಗಲೇ ಸರ್ಪವನ್ನು ಕೊಂದು ಥೆಮಿಸ್‌ಳನ್ನು ಎಬ್ಬಿಸಿ ಕಳಿಸಿದ. ಮಗಳಿಗಾದ ಅನ್ಯಾಯಕ್ಕೆ ಗಾಯಾ ಸಿಟ್ಟಾದಳು. ರಾತ್ರಿ ಮಲಗಿದವರಿಗೆಲ್ಲ ಕನಸು ಕಳಿಸತೊಡಗಿದಳು. ಹಿಂದಾದದ್ದು, ಮುಂದಾಗುವುದು ಎಲ್ಲ ಕನಸಲ್ಲೇ ಗೊತ್ತಾದರೆ ಡೆಲ್ಫಿಗೆ ಯಾರು ಬರುತ್ತಾರೆ? ಕೂಸು ಅಪೊಲೊ ದೇವತೆಗಳ ಬೆಟ್ಟ ಒಲಿಂಪಸ್‌ಗೆ ಓಡಿ, ಪುಟ್ಟ ಕೈಯಲ್ಲಿ ಅಪ್ಪ ಜ್ಯೂಸ್‌ನ ಸಿಂಹಾಸನ ಹಿಡಿದು ಗೋಗರೆದ. ಮಗನಿಗೆ ಇಷ್ಟು ಬೇಗ ಕಾಣಿಕೆಯ ಚಿನ್ನದ ಆಸೆ ಹುಟ್ಟಿತಲ್ಲ ಅಂತ ಜ್ಯೂಸ್ ನಕ್ಕ. ಕನಸುಗಳನ್ನು ನಿಲ್ಲಿಸಿದ. ಇಡೀ ಪುರಾಣದಲ್ಲಿ ನನಗೆ ಜಾಸ್ತಿ ಕಾಡುವುದು ಈ ತಾಯಿಯ ಸಿಟ್ಟು.

ಇದರ ಹಿಂದೆ ನಿಜವಾದ ದೇವಿಪೂಜೆ ಇತ್ತೇ? ಫ್ರೆಂಚರು 1892ರಿಂದ ಅಲ್ಲಿ ಅಗೆದರು. ಅಥೆನಾ ಗುಡಿಯ ಹತ್ತಿರ ಅಪೊಲೊನ ಕಾಲಕ್ಕೂ ಹಿಂದಿನ ಮಣ್ಣಿನ ಹೆಣ್ಣು ಗೊಂಬೆಗಳು ಸಿಕ್ಕವು. ಆದರೆ ಅವು ಗಾಯಾಳದ್ದೋ ಥೆಮಿಸ್‌ಳದ್ದೋ ಅನ್ನಲು ಗುರುತಿಲ್ಲ. ಹಾಗಾಗಿ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಡೆಲ್ಫಿಯಲ್ಲೇ ಅರ್ಚಕನಾಗಿದ್ದ ಪ್ಲುಟಾರ್ಕ್ ಕ್ರಿ.ಶ. 100ರ ಆಸುಪಾಸಿನವನು. ಅವನ ಬರಹವೊಂದರಲ್ಲಿ ಗೆಳೆಯರು ಮಾತಾಡುತ್ತಾ ಅಪೊಲೊ ಗುಡಿಯ ತೆಂಕಣ ಮೆಟ್ಟಿಲ ಮೇಲೆ ಕೂರುತ್ತಾರೆ. ಅವರ ಕಣ್ಣೆದುರಿಗೆ ನೀರಿದೆ, ಗಾಯಾಳ ಗುಡಿಯೂ ಇದೆ.