ಶಾಸನದ ಕಲ್ಲಿನಿಂದ ಶಾಲಿನವರೆಗೆ: ಊರ ಹೆಣ್ಣುಮಕ್ಕಳ ಸನ್ಮಾನದ ಹಿನ್ನೆಲೆ

2024ರ ಡಿಸೆಂಬರ್ 16ರಂದು ತುಳಸಿ ಗೌಡ, 2025ರ ಫೆಬ್ರುವರಿ 13ರಂದು ಸುಕ್ರಿ ಬೊಮ್ಮಗೌಡ, ಅದೇ ವರ್ಷದ ನವೆಂಬರ್ 14ರಂದು ಸಾಲುಮರದ ತಿಮ್ಮಕ್ಕ ತೀರಿಕೊಂಡರು. ಒಂದು ವರ್ಷದೊಳಗೆ ಕರ್ನಾಟಕ ಕಳೆದುಕೊಂಡ ಈ ಮೂವರೂ ಪದ್ಮಶ್ರೀ ಪುರಸ್ಕೃತರು. ಮೂವರೂ ಓದು ಬರಹ ಕಲಿಯದೆ, ಕೂಲಿ ಮಾಡಿ ಬದುಕಿದವರು. ಮೂವರೂ ತಮ್ಮ ಊರನ್ನು ಬಿಟ್ಟು ಹೋಗದೆ, ಊರಿನೊಳಗೇ ಮಾಡಿದ ಕೆಲಸಕ್ಕಾಗಿ ರಾಷ್ಟ್ರಪತಿ ಭವನದವರೆಗೆ ಹೋದವರು. ಇಂತಹ ಮಹಿಳೆಯರನ್ನು ಸಾರ್ವಜನಿಕವಾಗಿ ಗೌರವಿಸುವುದು ಇಂದು ಸಹಜವೆನಿಸಿದೆ. ಆದರೆ ಈ ನಾಡಿನಲ್ಲಿ ಹೆಣ್ಣನ್ನು ಯಾವುದಕ್ಕಾಗಿ ಗೌರವಿಸಲಾಗುತ್ತಿತ್ತು ಎಂಬುದನ್ನು ಹಿಂದಕ್ಕೆ ಹೋಗಿ ನೋಡಿದರೆ, ಕೆಲಸಕ್ಕಾಗಿ ಸನ್ಮಾನವೆಂಬುದು ತೀರ ಈಚಿನದು ಎಂದು ತಿಳಿಯುತ್ತದೆ.

ನಮಗೆ ಸಿಗುವ ಹಳೆಯ ದಾಖಲೆಗಳು ಶಾಸನಗಳು. ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ಅತ್ತಿಮಬ್ಬೆಯನ್ನು ಅಲ್ಲಿನ 1007ರ ಶಾಸನ ಬಹುವಾಗಿ ಕೊಂಡಾಡುತ್ತದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದವಳು, 993ರಲ್ಲಿ ರನ್ನ ಅಜಿತಪುರಾಣವನ್ನು ಮುಗಿಸುವಾಗ ಅವನಿಗೆ ಆಶ್ರಯ ಕೊಟ್ಟವಳು, ‘ದಾನಚಿಂತಾಮಣಿ’ ಎಂಬ ಬಿರುದು ಪಡೆದವಳು ಆಕೆ. ಕೈಬರಹದ ಕಾಲದಲ್ಲಿ ಒಂದು ಕೃತಿಯ ಸಾವಿರ ಪ್ರತಿ ಮಾಡಿಸುವುದೆಂದರೆ ಅದು ಬರಿಯ ಔದಾರ್ಯವಲ್ಲ, ದೊಡ್ಡ ಸಂಘಟನೆ. ಆದರೂ ಬಿರುದು ಬಂದದ್ದು ದಾನಕ್ಕೆ. ಕೊಡಲು ಇದ್ದವಳಿಗೆ ಮಾತ್ರ ಸಲ್ಲಬಹುದಾದ ಗೌರವ ಅದು.

ಆಡಳಿತದ ಸಾಮರ್ಥ್ಯವನ್ನು ಗುರುತಿಸಿದ ಶಾಸನವೂ ಒಂದಿದೆ. ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯಲ್ಲಿ ದೊರೆತಿರುವ, ಹತ್ತನೆಯ ಶತಮಾನದ ಆರಂಭದ ಆ ಶಾಸನದ ಪ್ರಕಾರ ನಾಗರಖಂಡ ಎಪ್ಪತ್ತರ ನಾಳ್ಗಾವುಂಡ, ಅಂದರೆ ಆ ನಾಡಿನ ಮುಖ್ಯಸ್ಥ, ತೀರಿಕೊಂಡಾಗ ರಾಷ್ಟ್ರಕೂಟರ ಆಡಳಿತ ಆ ಅಧಿಕಾರವನ್ನು ಅವನ ಹೆಂಡತಿ ಜಕ್ಕಿಯಬ್ಬೆಗೆ ವಹಿಸಿತು. ಆಕೆ ಹೆಣ್ಣಾಗಿದ್ದೂ ಶೌರ್ಯದಿಂದ ಎಪ್ಪತ್ತು ಹಳ್ಳಿಗಳ ಆಡಳಿತ ನಡೆಸಿದಳೆಂದೂ, ಕೊನೆಗೆ ಕಾಯಿಲೆ ಬಿದ್ದಾಗ ಮಗಳಿಗೆ ಅಧಿಕಾರ ಒಪ್ಪಿಸಿ ಬಸದಿಯಲ್ಲಿ ಉಪವಾಸದಿಂದ ದೇಹ ಬಿಡುವ ಸಲ್ಲೇಖನ ವ್ರತ ಹಿಡಿದಳೆಂದೂ ಶಾಸನ ಹೇಳುತ್ತದೆ. ಇಂತಹವು ಅಪರೂಪ. ಹಳ್ಳಿಹಳ್ಳಿಗಳಲ್ಲಿ ಹೆಚ್ಚಾಗಿ ಉಳಿದಿರುವ ಹೆಣ್ಣಿನ ಸ್ಮಾರಕವೆಂದರೆ ಬಳೆ ತೊಟ್ಟ ಬಲಗೈಯನ್ನು ಮೇಲಕ್ಕೆತ್ತಿದ ಮಾಸ್ತಿಕಲ್ಲು, ಗಂಡನೊಂದಿಗೆ ಸಹಗಮನ ಮಾಡಿದವಳ ನೆನಪಿನ ಕಲ್ಲು. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ 1057ರ ಶಾಸನ, ಹೆತ್ತವರು ಬೇಡವೆಂದರೂ ಕೇಳದೆ ಗಂಡನ ಹಿಂದೆ ಬೆಂಕಿಗೆ ಬಿದ್ದ ದೇಕಬ್ಬೆಯನ್ನು ಕಾವ್ಯದ ಭಾಷೆಯಲ್ಲಿ ಹೊಗಳುತ್ತದೆ. ಸಾಮಾನ್ಯ ಮನೆತನದ ಹೆಣ್ಣಿಗೆ ಊರು ಕಲ್ಲು ನಿಲ್ಲಿಸಬೇಕಾದರೆ ಆಕೆ ಸಾಯಬೇಕಿತ್ತು ಎಂದರೆ ಕಟುವಾಗಿ ಕೇಳಿಸಬಹುದು. ಕಲ್ಲುಗಳಂತೂ ಅದನ್ನೇ ಹೇಳುತ್ತವೆ.

ಈ ಕ್ರಮ ಬದಲಾದದ್ದು ಸ್ವಾತಂತ್ರ್ಯ ಚಳವಳಿಯ ಹೊತ್ತಿಗೆ. ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಭಗಿನಿ ಮಂಡಲವನ್ನು ಕಟ್ಟಿ, ಹಿಂದೂಸ್ತಾನಿ ಸೇವಾದಳದ ಮಹಿಳಾ ವಿಭಾಗವನ್ನು ಮುನ್ನಡೆಸಿ, 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ನೂರಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಸಜ್ಜುಗೊಳಿಸಿದರು. ವಿಧವೆಯರೂ ಸೇರಿದಂತೆ ಮನೆಯಿಂದ ಹೊರಗೆ ಕಾಲಿಡದವರನ್ನು ಕರೆತರುವ ಕೆಲಸ ಅದು. ಸ್ವಾತಂತ್ರ್ಯ ಬಂದ ಮೇಲೆ ಅವರು ಹುದ್ದೆಯನ್ನೂ ಸ್ವಾತಂತ್ರ್ಯ ಹೋರಾಟಗಾರರಿಗೆ ಸರ್ಕಾರ ಕೊಡುವ ತಾಮ್ರಪತ್ರವನ್ನೂ ಒಲ್ಲೆನೆಂದು, 1992ರಲ್ಲಿ ತೀರಿಕೊಳ್ಳುವವರೆಗೆ ಹುಬ್ಬಳ್ಳಿಯ ಪುಟ್ಟ ಮನೆಯಲ್ಲಿ ಬದುಕಿದರು. ಸಿದ್ದಾಪುರ ತಾಲ್ಲೂಕಿನ ಕರನಿರಾಕರಣೆ ಚಳವಳಿಯ ಮಹಿಳೆಯರದು ಇನ್ನೊಂದು ಬಗೆ. ಸರ್ಕಾರ ಜಪ್ತಿ ಮಾಡಿ ಹರಾಜು ಹಾಕಿದ ಆಸ್ತಿಯನ್ನು ಕೊಂಡವರ ಮನೆ ಮುಂದೆ ಅವರು ಉಪವಾಸ ಕುಳಿತರು. ಅವರ ನೆನಪಿಗೆ ಮಾವಿನಗುಂಡಿಯಲ್ಲಿ ಸ್ಮಾರಕವಿದೆ. ಒಬ್ಬಳನ್ನು ಎತ್ತರಕ್ಕೇರಿಸದೆ ಒಂದು ಸೀಮೆಯ ಹೆಣ್ಣುಮಕ್ಕಳನ್ನು ಒಟ್ಟಾಗಿ ನೆನೆಯುವ ಇಂತಹ ಗುರುತು ಕರ್ನಾಟಕದಲ್ಲಿ ಹೆಚ್ಚಿಲ್ಲ.

1954ರಲ್ಲಿ ಪದ್ಮ ಪ್ರಶಸ್ತಿಗಳು, 1966ರಲ್ಲಿ ರಾಜ್ಯೋತ್ಸವ ಪ್ರಶಸ್ತಿಗಳು ಆರಂಭವಾದವು. ಆರಂಭದ ದಶಕಗಳಲ್ಲಿ ಅವು ಮುಖ್ಯವಾಗಿ ಹೆಸರು ಮಾಡಿದವರನ್ನೇ ತಲುಪಿದವು: ಕಲಾವಿದರು, ಸಾಹಿತಿಗಳು, ರಾಜಕಾರಣಿಗಳು. ವಿದ್ಯಾವಂತ ಮಹಿಳೆಯರಿಗೂ ದಾರಿ ಸುಗಮವಾಗಿರಲಿಲ್ಲ. 1915ರಲ್ಲಿ ಶುರುವಾದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಮೊದಲ ಮಹಿಳೆಯಾಗಿ ಜಯದೇವಿತಾಯಿ ಲಿಗಾಡೆ ಕುಳಿತದ್ದು 1974ರಲ್ಲಿ, ಮಂಡ್ಯದಲ್ಲಿ. ಮುಂದೆ ರಾಜ್ಯ ಸರ್ಕಾರ ಅತ್ತಿಮಬ್ಬೆಯ ಹೆಸರಿನಲ್ಲಿ, ಕಿತ್ತೂರು ರಾಣಿ ಚೆನ್ನಮ್ಮನ ಹೆಸರಿನಲ್ಲಿ ಮಹಿಳೆಯರಿಗೆ ಪ್ರಶಸ್ತಿ ಕೊಡತೊಡಗಿತು. 2021ರಿಂದ ನವೆಂಬರ್ 11ರಂದು ಒನಕೆ ಓಬವ್ವ ಜಯಂತಿಯನ್ನೂ ಆಚರಿಸುತ್ತಿದೆ. ದಾನಿ, ರಾಣಿ, ಕೋಟೆ ಕಾಯ್ದವಳು: ಪ್ರಶಸ್ತಿಗಳ ಹೆಸರುಗಳು ಇನ್ನೂ ಹಳೆಯ ಮೌಲ್ಯಗಳವು, ಪಡೆಯುವವರು ಮಾತ್ರ ಹೊಸಬರು.

ಆ ಹೊಸಬರು ಕಣ್ಣಿಗೆ ಬಿದ್ದ ಬಗೆಯೂ ಗಮನಿಸತಕ್ಕದ್ದು. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ಹಾಲಕ್ಕಿ ಒಕ್ಕಲಿಗ ಸಮುದಾಯದ ತುಳಸಿ ಗೌಡ ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರದಲ್ಲಿ ದಶಕಗಳ ಕಾಲ ದಿನಗೂಲಿಯಾಗಿದ್ದವರು. ಯಾವ ಜಾತಿಯ ಮರದ ಬೀಜವನ್ನು ಯಾವ ತಾಯಿಮರದಿಂದ, ಯಾವ ಹೊತ್ತಿಗೆ ಆಯಬೇಕು ಎಂಬ ಅವರ ತಿಳಿವಳಿಕೆ ಮೌಲಿಕವಾದದ್ದೆಂದು ಅರಣ್ಯಾಧಿಕಾರಿ ಅ.ನ. ಯಲ್ಲಪ್ಪ ರೆಡ್ಡಿ ಗುರುತಿಸದಿದ್ದರೆ, ಅದು ಇಲಾಖೆಯ ಹಾಜರಿ ಪುಸ್ತಕದಾಚೆಗೆ ಹೋಗುತ್ತಿತ್ತೆಂದು ಹೇಳುವುದು ಕಷ್ಟ. 2020ನೇ ಸಾಲಿನ ಪದ್ಮಶ್ರೀಯನ್ನು ಅವರು ಬರಿಗಾಲಿನಲ್ಲಿ ಹೋಗಿ ಸ್ವೀಕರಿಸಿದ ಚಿತ್ರವನ್ನು ದೇಶವೇ ನೋಡಿತು. ಅಂಕೋಲಾದವರೇ ಆದ ಸುಕ್ರಿ ಬೊಮ್ಮಗೌಡ, ಹಾಡಿನ ಕಣಜವೆಂದು ಹೆಸರಾದಷ್ಟೇ ತಮ್ಮ ಬಡಗೇರಿಯಲ್ಲಿ ಸಾರಾಯಿಯ ವಿರುದ್ಧ ಹೆಂಗಸರನ್ನು ಒಗ್ಗೂಡಿಸಿದ್ದಕ್ಕೂ ಹೆಸರಾದವರು. ಅವರಿಗೆ ಪದ್ಮಶ್ರೀ ಬಂದದ್ದು 2017ರಲ್ಲಿ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಅಜ್ಜಿಯಿಂದ ಕಲಿತ ವಿದ್ಯೆಯಿಂದ, ಆಸ್ಪತ್ರೆ ದೂರವಿದ್ದ ಸೀಮೆಯಲ್ಲಿ, ದುಡ್ಡು ಕೇಳದೆ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು ಅವರಿಗೆ ಸಂದ ಗೌರವಗಳು ದಾಖಲಿಸುತ್ತವೆ. 2018ರ ಆರಂಭದಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಪದ್ಮ ಪ್ರಶಸ್ತಿಗೆ ಯಾರನ್ನು ಯಾರು ಬೇಕಾದರೂ ಆನ್‌ಲೈನ್ ಮೂಲಕ ಸೂಚಿಸಬಹುದೆಂಬ ವ್ಯವಸ್ಥೆ 2016ರಲ್ಲಿ ಬಂದ ಬೆನ್ನಿಗೇ ಇಂತಹ ಹೆಸರುಗಳು ಹೆಚ್ಚಾದದ್ದು ಆಕಸ್ಮಿಕವಾಗಿರಲಾರದು.

ತಿಮ್ಮಕ್ಕ ಅವರ ಕಥೆಯಲ್ಲಿ ಬೇರೊಂದು ಸಂಗತಿಯಿದೆ. ಮಾಗಡಿ ತಾಲ್ಲೂಕಿನ ಹುಲಿಕಲ್‌ನಿಂದ ಕುದೂರಿನ ದಾರಿಯಲ್ಲಿ ಸುಮಾರು ನಾಲ್ಕು ಕಿಲೋಮೀಟರ್ ಉದ್ದಕ್ಕೆ ಅವರೂ ಅವರ ಗಂಡ ಚಿಕ್ಕಯ್ಯನವರೂ 385 ಆಲದ ಸಸಿಗಳನ್ನು ನೆಟ್ಟು, ನೀರು ಹೊತ್ತು, ಮುಳ್ಳಿನ ಬೇಲಿ ಕಟ್ಟಿ ಬೆಳೆಸಿದರು. ಮಕ್ಕಳಿಲ್ಲದವರೆಂದು ಊರಿನವರ ಮಾತು ಕೇಳಿದ ದಂಪತಿ. 1991ರಲ್ಲಿ ಚಿಕ್ಕಯ್ಯ ಹೋದ ಮೇಲೆ ಅವರು ವಿಧವೆಯೂ ಆದರು. ನಮ್ಮಲ್ಲಿ ಹೆಂಗಸರು ಹೆಂಗಸರನ್ನು ಗೌರವಿಸುವ ಪದ್ಧತಿಗಳು ಮೊದಲಿನಿಂದಲೂ ಇದ್ದವು: ಅರಿಶಿನ ಕುಂಕುಮ, ಬಾಗಿನ, ಉತ್ತರ ಕರ್ನಾಟಕದಲ್ಲಿ ಉಡಿ ತುಂಬುವುದು. ಅವೆಲ್ಲ ಮುತ್ತೈದೆಯರಿಗೆ ಮೀಸಲು; ಗಂಡ ಸತ್ತವಳಿಗೆ ಅಲ್ಲಿ ಜಾಗವಿರಲಿಲ್ಲ. ಸಭೆಯ ಸನ್ಮಾನದ ಶಾಲು, ಹಾರ, ಫಲತಾಂಬೂಲಗಳನ್ನು ಬರಿಯ ಔಪಚಾರಿಕತೆಯೆಂದು ನಾವು ಲೇವಡಿ ಮಾಡುತ್ತೇವೆ, ಅದಕ್ಕೆ ಕಾರಣಗಳೂ ಇವೆ. ಆದರೆ ಗಂಡನಿಲ್ಲದ, ಮಕ್ಕಳಿಲ್ಲದ ಹೆಂಗಸನ್ನು ಊರಿನ ಎದುರು ಕುರ್ಚಿಯಲ್ಲಿ ಕೂರಿಸಿದ್ದು ಆ ಶಾಲೇ ಹೊರತು ಉಡಿ ತುಂಬುವ ಸಂಪ್ರದಾಯವಲ್ಲ.

1995ರ ರಾಷ್ಟ್ರೀಯ ಪೌರ ಪ್ರಶಸ್ತಿಯಿಂದ 2019ರ ಪದ್ಮಶ್ರೀಯವರೆಗೆ ತಿಮ್ಮಕ್ಕ ಅವರಿಗೆ ಗೌರವಗಳ ಸಾಲೇ ಬಂತು. ಪದ್ಮಶ್ರೀ ಬಂದ ವರ್ಷವೇ ರಸ್ತೆ ಅಗಲೀಕರಣದಿಂದ ಆ ಮರಗಳಿಗೆ ಅಪಾಯ ಎದುರಾಗಿ, ಅವರು ಮುಖ್ಯಮಂತ್ರಿಗಳ ಬಳಿಗೆ ಹೋಗಿ ಉಳಿಸಿಕೊಡಿ ಎಂದು ಬೇಡಬೇಕಾಯಿತು. ಮರಗಳನ್ನು ಕಡಿಯದೆ ಬೇರೆ ದಾರಿ ಹುಡುಕುವಂತೆ ಸೂಚನೆ ಹೊರಟಿತು. ಆದರೆ ವ್ಯಕ್ತಿಗೆ ಪದಕ ಕೊಟ್ಟ ಸರ್ಕಾರಗಳಿಗೆ ಆಕೆಯ ಕೆಲಸವನ್ನು ಕಾಪಾಡುವುದು ತಾನಾಗಿ ಹೊಳೆಯಲಿಲ್ಲ.

ನಾಯಕತ್ವದ ವಿಷಯಕ್ಕೆ ಬಂದರೆ, ಪ್ರಶಸ್ತಿಗಿಂತ ಹೆಚ್ಚಿನ ಪರಿಣಾಮ ಮಾಡಿದ್ದು ಕಾನೂನು. 1983ರ ಕಾಯ್ದೆಯಡಿ 1987ರಲ್ಲಿ ನಡೆದ ಮಂಡಲ ಪಂಚಾಯತಿ ಚುನಾವಣೆಯಲ್ಲಿ ಕರ್ನಾಟಕ ಮಹಿಳೆಯರಿಗೆ ಶೇಕಡ 25 ಸ್ಥಾನ ಮೀಸಲಿಟ್ಟಿತು. ದೇಶದ ಪಂಚಾಯತಿಗಳಲ್ಲೆಲ್ಲ ಮಹಿಳಾ ಮೀಸಲಾತಿ ತಂದ ಸಂವಿಧಾನದ 73ನೇ ತಿದ್ದುಪಡಿ ಬರುವ ಮುಂಚಿನ ಮಾತಿದು. 2010ರಲ್ಲಿ ಅದು ಶೇಕಡ 50ಕ್ಕೆ ಏರಿತು. ಜಕ್ಕಿಯಬ್ಬೆಯಂತಹ ಕೆಲವರಷ್ಟೇ ಶಾಸನದಲ್ಲಿ ಉಳಿದ ನಾಡಿನಲ್ಲಿ ಇಂದು ಸಾವಿರಾರು ಅಧ್ಯಕ್ಷೆಯರಿದ್ದಾರೆ, ಗಂಡಂದಿರೇ ಸಭೆ ನಡೆಸುವ ಕಡೆಗಳನ್ನು ಕಳೆದರೂ.

ಈಗಿನ ಬಿಕ್ಕಟ್ಟು ಇರುವುದು ನಿತ್ಯ ಸೇವೆಯಲ್ಲಿರುವವರ ವಿಷಯದಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ ತಿಂಗಳಲ್ಲಿ ಭಾರತದ ಹತ್ತು ಲಕ್ಷ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಆರೋಗ್ಯ ನಾಯಕತ್ವದ ಪ್ರಶಸ್ತಿ ಘೋಷಿಸಿತು. ಕೋವಿಡ್ ಕಾಲದಲ್ಲಿ ಹೂಮಳೆ, ಚಪ್ಪಾಳೆ ಅದಾಗಲೇ ಆಗಿತ್ತು. 2025ರ ಜನವರಿಯಲ್ಲಿ ಕರ್ನಾಟಕದ ಆಶಾ ಕಾರ್ಯಕರ್ತೆಯರು ತಿಂಗಳಿಗೆ ನಿಶ್ಚಿತ ಮೊತ್ತ ಬೇಕೆಂದು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಕುಳಿತರು. ಅಂಗನವಾಡಿ ಕಾರ್ಯಕರ್ತೆಯರಿಗೆ ಗ್ರಾಚ್ಯುಟಿ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2022ರ ಏಪ್ರಿಲ್‌ನಲ್ಲಿ, ಆ ಯೋಜನೆ ಆರಂಭವಾಗಿ 46 ವರ್ಷಗಳಾದ ಮೇಲೆ. ಮಹಿಳಾ ದಿನದಂದು ವೇದಿಕೆಗೆ ಕರೆದು ಹಾರ ಹಾಕುವುದು ಸುಲಭವಾದದ್ದೇ ಈ ಬೇಡಿಕೆಗಳನ್ನು ಮುಂದೂಡಲೂ ಅನುಕೂಲವಾಯಿತೆಂದು ನನಗನ್ನಿಸುತ್ತದೆ. ಸೇವೆಯೆಂದು ಕರೆದ ಮೇಲೆ ಸಂಬಳ ಕೇಳುವುದು ಸಣ್ಣತನದಂತೆ ಕಾಣುತ್ತದೆ. ನರಸಮ್ಮನಂತಹವರು ದುಡ್ಡು ಮುಟ್ಟಲಿಲ್ಲವೆಂಬ ಹೊಗಳಿಕೆಯನ್ನು ಈಗಿನವರ ಮುಂದೆ ಮಾದರಿಯಾಗಿ ಹಿಡಿಯಲಾಗುತ್ತದೆ.

ಆಶಾ ಯೋಜನೆ ಶುರುವಾದದ್ದು 2005ರಲ್ಲಿ, ಆಗ ಆಯ್ಕೆಗೆ ವಯಸ್ಸು 25ರಿಂದ 45. ಮೊದಲ ತಂಡದ ಹಲವರಿಗೆ ಈಗ ಅರವತ್ತು ತುಂಬುತ್ತಿದೆ. ಹತ್ತು ವರ್ಷ ಸೇವೆ ಮುಗಿಸಿ ಹೊರಬರುವವರಿಗೆ ಕೇಂದ್ರ ಕೊಡುವ ಇಡುಗಂಟು 2025ರಲ್ಲಿ 20 ಸಾವಿರದಿಂದ 50 ಸಾವಿರ ರೂಪಾಯಿಗೆ ಏರಿದೆ. ಪಿಂಚಣಿ ಇಲ್ಲ.