ನಿಷೇಧಿತ ಸಂಘಟನೆ: ನಿಷೇಧ ಇರುವುದು ಯಾರಿಗೆ?

‘ನಿಷೇಧ ತೆಗೆದರು ಅಂದರೆ ಅವರು ಭಯೋತ್ಪಾದಕರೇ ಅಲ್ಲ ಅಂತ ಒಪ್ಪಿಕೊಂಡ ಹಾಗೆ.’ ಶಾಂತಿ ಮಾತುಕತೆಯ ಸುದ್ದಿ ಬಂದಾಗಲೆಲ್ಲ ಯಾರಾದರೂ ಈ ಮಾತು ಬರೆಯುತ್ತಾರೆ. ಈ ವಾರ ಮತ್ತೆ ಓದಿದೆ. ‘ಭಯೋತ್ಪಾದಕ’, ‘ನಿಷೇಧಿತ’ ಎರಡೂ ಒಂದೇ ಅಲ್ಲ. ಸುಮ್ನೆ ಅದಲು ಬದಲು ಮಾಡಿದರೆ ಇಡೀ ಸುದ್ದಿಯೇ ತಪ್ಪಾಗಿ ಅರ್ಥವಾಗುತ್ತದೆ.

ಭಯೋತ್ಪಾದಕ ಎನ್ನುವುದು ಮಾಡಿದ ಕೆಲಸ ನೋಡಿ ಕೊಡುವ ಹೆಸರು. ಬಸ್ಸಿನಲ್ಲಿ ಬಾಂಬ್ ಇಟ್ಟವನನ್ನು ಹಾಗೆ ಕರೆಯಲು ಯಾವ ಗೆಜೆಟ್ಟೂ ಬೇಕಿಲ್ಲ. ನಿಷೇಧ ಬೇರೆ ಜಾತಿಯ ಪದ. ‘ವಿಧಿ-ನಿಷೇಧ’ ಅನ್ನುತ್ತೇವಲ್ಲ, ಮಾಡಬೇಕಾದ್ದು ವಿಧಿ, ಮಾಡಬಾರದ್ದು ನಿಷೇಧ. ಸಂಸ್ಕೃತದ ಮೂಲದಲ್ಲೂ ಅದರ ಅರ್ಥ ತಡೆಯುವುದು ಎಂದೇ. ಅಂದರೆ ಅದು ವರ್ಣನೆಯಲ್ಲ, ಅಪ್ಪಣೆ. ಅಪ್ಪಣೆ ಅಂದ ಮೇಲೆ ಯಾರಿಗೆ ಅಂತ ಕೇಳಬೇಕು ಅಲ್ವಾ? ಗೇಟಿನ ಮೇಲೆ ‘ಪ್ರವೇಶ ನಿಷೇಧ’ ಎಂದು ಬರೆದಿದ್ದರೆ ಅದು ಹೊರಗೆ ನಿಂತ ನಮಗೆ ಹೇಳಿದ್ದು. ಸಂಘಟನೆಯ ನಿಷೇಧವೂ ಬಹುಪಾಲು ಹಾಗೇ. ಅವರಿಗೆ ಹಣ ಕೊಡಬೇಡಿ, ಜಾಗ ಕೊಡಬೇಡಿ, ತರಬೇತಿ ಕೊಡಬೇಡಿ ಎಂದು ಉಳಿದವರಿಗೆ ಹೇಳುತ್ತದೆ. ಹಾಗಾಗಿ ಅದರ ಬಿಸಿ ಜಾಸ್ತಿ ತಟ್ಟುವುದು ಮಧ್ಯಸ್ಥರಿಗೆ.

ಶ್ರೀಲಂಕಾದಲ್ಲಿ ಇದು ಕಣ್ಣಿಗೆ ಕಾಣುವ ಹಾಗೆ ನಡೆಯಿತು. ಕ್ಯಾಂಡಿಯಲ್ಲಿರುವ ಬುದ್ಧನ ದಂತ ದೇಗುಲದ ಮೇಲೆ ದಾಳಿಯಾದ ಮೇಲೆ 1998ರಲ್ಲಿ ಅಲ್ಲಿನ ಸರ್ಕಾರ, ಪ್ರತ್ಯೇಕ ತಮಿಳು ದೇಶಕ್ಕಾಗಿ ಬಂದೂಕು ಹಿಡಿದಿದ್ದ ಎಲ್‌ಟಿಟಿಇಯನ್ನು ನಿಷೇಧಿಸಿತು. 2002ರ ಫೆಬ್ರುವರಿಯಲ್ಲಿ ನಾರ್ವೆಯ ಮಧ್ಯಸ್ಥಿಕೆಯಲ್ಲಿ ಕದನ ವಿರಾಮವಾಯಿತು. ನಿಷೇಧ ತೆಗೆಯದೆ ಮಾತಿಗೆ ಕೂರುವುದಿಲ್ಲ ಎಂದು ಎಲ್‌ಟಿಟಿಇ ಪಟ್ಟು ಹಿಡಿಯಿತು. ಸೆಪ್ಟೆಂಬರ್ ಮೊದಲ ವಾರ ಸರ್ಕಾರ ತೆಗೆಯಿತು, 16ಕ್ಕೆ ಥಾಯ್ಲೆಂಡಿನಲ್ಲಿ ಮಾತುಕತೆ ಶುರುವಾಯಿತು. ಹಳೆಯ ಕೊಲೆಗಳನ್ನು ಯಾರೂ ಮನ್ನಿಸಿರಲಿಲ್ಲ. ಎದುರು ಬದುರು ಕೂರಲು ಇದ್ದ ತೊಡಕು ತೆಗೆದರು, ಅಷ್ಟೇ.

ಆದರೆ ಅದು ಒಂದು ದೇಶದ ನಿಷೇಧ ಪಟ್ಟಿ. ಅಮೆರಿಕ 1997ರಲ್ಲೇ ಎಲ್‌ಟಿಟಿಇಯನ್ನು ತನ್ನ ಪಟ್ಟಿಗೆ ಸೇರಿಸಿತ್ತು. 2003ರ ಏಪ್ರಿಲ್‌ನಲ್ಲಿ ನೆರವು ಕೊಡುವ ದೇಶಗಳ ಸಭೆ ವಾಷಿಂಗ್ಟನ್‌ನಲ್ಲಿ ನಡೆದಾಗ ಎಲ್‌ಟಿಟಿಇಗೆ ಕರೆಯಿಲ್ಲ. ಇದನ್ನೂ ಒಂದು ಕಾರಣವಾಗಿ ಹೇಳಿ ಅದೇ ತಿಂಗಳು ಅವರು ಮಾತುಕತೆ ನಿಲ್ಲಿಸಿದರು.

2006ರ ಮೇ ತಿಂಗಳಲ್ಲಿ ಐರೋಪ್ಯ ಒಕ್ಕೂಟವೂ ನಿಷೇಧಿಸಿತು. ಅದಕ್ಕೆ ಕಾರಣಗಳಿದ್ದವು, ಶ್ರೀಲಂಕಾದ ವಿದೇಶಾಂಗ ಸಚಿವ ಕದಿರ್‌ಗಾಮರ್ ಅವರ ಕೊಲೆಯಾಗಿ ವರ್ಷವೂ ಆಗಿರಲಿಲ್ಲ. ಪೆಟ್ಟು ಬಿದ್ದದ್ದು ಮಾತ್ರ ಕದನ ವಿರಾಮದ ವೀಕ್ಷಕರಿಗೆ. ಕೈಯಲ್ಲಿ ಆಯುಧವಿಲ್ಲದೆ ಎರಡೂ ಕಡೆಯ ದೂರು ಕೇಳಿ, ಜಾಗಕ್ಕೆ ಹೋಗಿ ನೋಡಿ ಬರುತ್ತಿದ್ದವರು ಅವರು. ಅವರಲ್ಲಿ ಒಕ್ಕೂಟಕ್ಕೆ ಸೇರಿದ ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡಿನವರು ಇನ್ನು ಮಧ್ಯಸ್ಥರಲ್ಲ, ಹೊರಡಲಿ ಎಂದಿತು ಎಲ್‌ಟಿಟಿಇ. ಸೆಪ್ಟೆಂಬರ್ ಹೊತ್ತಿಗೆ ಅವರು ಹೊರಟರು. ಒಕ್ಕೂಟಕ್ಕೆ ಸೇರದ ನಾರ್ವೆ, ಐಸ್‌ಲೆಂಡಿನವರಷ್ಟೇ ಉಳಿದರು. ಯುದ್ಧ ಮತ್ತೆ ಕಾವೇರುತ್ತಿದ್ದ ತಿಂಗಳುಗಳವು. ಹೋಗಿ ನೋಡುವವರು ಹೆಚ್ಚು ಬೇಕಿದ್ದಾಗಲೇ ಕಡಿಮೆಯಾದರು. ನನಗೆ ಇವತ್ತಿಗೂ ನೋವು ಕೊಡುವ ಸಂಗತಿ ಇದು.

ಅಮೆರಿಕದ ಸುಪ್ರೀಂ ಕೋರ್ಟ್ 2010ರಲ್ಲಿ ಇನ್ನೂ ಮುಂದೆ ಹೋಯಿತು. ಪಟ್ಟಿಯಲ್ಲಿರುವ ಗುಂಪಿಗೆ ವಿಶ್ವಸಂಸ್ಥೆಗೆ ಅಹವಾಲು ಸಲ್ಲಿಸುವುದು ಹೇಗೆ, ಜಗಳವನ್ನು ಶಾಂತಿಯಿಂದ ಬಗೆಹರಿಸುವುದು ಹೇಗೆ ಎಂದು ಕಲಿಸುವುದೂ ಅಪರಾಧವಾಗಬಹುದು ಎಂದಿತು. ಬಂದೂಕು ಬಿಡಿಸುವ ಪಾಠಕ್ಕೂ ಅಡ್ಡಿ!

ಪಟ್ಟಿಯಲ್ಲಿದ್ದರೆ ಮಾತುಕತೆ ಸಾಧ್ಯವೇ ಇಲ್ಲ ಅಂತೇನಲ್ಲ. ನಮ್ಮ ಸರ್ಕಾರ ನಿಷೇಧ ಇಟ್ಟುಕೊಂಡೇ ಅಸ್ಸಾಮಿನ ಬಂಡುಕೋರ ಸಂಘಟನೆ ಉಲ್ಫಾದ ಒಂದು ಬಣದ ಜೊತೆ ಮಾತಾಡಿ 2023ರಲ್ಲಿ ಒಪ್ಪಂದ ಮಾಡಿಕೊಂಡಿತು. ಕೊಲಂಬಿಯಾದ ಬಂಡುಕೋರ ಗುಂಪು ಫಾರ್ಕ್ 2016ರಲ್ಲಿ ಅಲ್ಲಿನ ಸರ್ಕಾರದ ಜೊತೆ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದಾಗಲೂ ಅಮೆರಿಕದ ಪಟ್ಟಿಯಲ್ಲೇ ಇತ್ತು. ಆ ಹೆಸರು ತೆಗೆದದ್ದು 2021ರ ನವೆಂಬರ್‌ನಲ್ಲಿ. ಬಂದೂಕು ಕೆಳಗಿಟ್ಟವರಿಗೆ ಹೊಸ ಬದುಕು ಕಟ್ಟಿಕೊಳ್ಳಲು ನೆರವಾಗಲು ಅಮೆರಿಕದವರಿಗೆ ಅಲ್ಲಿಯವರೆಗೆ ಕಾನೂನೇ ಅಡ್ಡವಾಗಿತ್ತು.