ಉತ್ತರ ಆಯ್ಕೆಯಲ್ಲೇ ಇದೆ, ಆದರೂ ತಪ್ಪೇಕೆ?

ಪ್ರಶ್ನೆ: ಕಾಸರಗೋಡಿನ ಬದಿಯಡ್ಕ ಕಡೆಯವಳು ನಾನು. ಹತ್ತರವರೆಗೆ ಕನ್ನಡ ಮಾಧ್ಯಮ, ಈಗ ಪ್ಲಸ್ ಟು ಸಯನ್ಸ್. ಕೇರಳದ ಪ್ರವೇಶ ಪರೀಕ್ಷೆ ಕೀಮ್, ಕರ್ನಾಟಕದ ಕೆಸಿಇಟಿ ಎರಡಕ್ಕೂ ಓದುತ್ತಿದ್ದೇನೆ. ಲೆಕ್ಕ ಬಿಡಿಸಿದರೆ ನನ್ನ ಉತ್ತರ ಆಯ್ಕೆಗಳಲ್ಲಿ ಇದ್ದೇ ಇರುತ್ತದೆ. ಸರಿಯುತ್ತರಗಳ ಕೀ ನೋಡಿದರೆ ತಪ್ಪು. ಹೀಗೇಕೆ?

ಉತ್ತರ: ಆಯ್ಕೆಯಲ್ಲಿ ಇದೆ ಎಂಬುದು ಉತ್ತರ ಸರಿ ಎನ್ನುವುದಕ್ಕೆ ಸಾಕ್ಷಿಯಲ್ಲ. ವಿದ್ಯಾರ್ಥಿಗಳು ಎಲ್ಲಿ ಎಡವುತ್ತಾರೆಂದು ಪ್ರಶ್ನೆ ತೆಗೆಯುವವರಿಗೆ ಚೆನ್ನಾಗಿ ಗೊತ್ತು. ಎಡವಿದರೆ ಸಿಗುವ ಸಂಖ್ಯೆಯನ್ನೇ ಆಯ್ಕೆಯಾಗಿ ಇಟ್ಟಿರುತ್ತಾರೆ.

ಈ ಲೆಕ್ಕ ನೋಡಿ. 5.4 ಗ್ರಾಂ ಅಲ್ಯುಮಿನಿಯಂ ಮತ್ತು 14.2 ಗ್ರಾಂ ಕ್ಲೋರಿನ್ ಅನಿಲ ಸಾಧ್ಯವಾದಷ್ಟೂ ವರ್ತಿಸಿದರೆ ಎಷ್ಟು ಗ್ರಾಂ ಅಲ್ಯುಮಿನಿಯಂ ಕ್ಲೋರೈಡ್ ಸಿಗುತ್ತದೆ? ಸಮೀಕರಣದ ಪ್ರಕಾರ 2 ಮೋಲ್ ಅಲ್ಯುಮಿನಿಯಂಗೆ 3 ಮೋಲ್ ಕ್ಲೋರಿನ್ ಬೇಕು, 2 ಮೋಲ್ ಕ್ಲೋರೈಡ್ ಬರುತ್ತದೆ. ತೂಕವನ್ನು ಒಂದು ಮೋಲ್‌ನ ತೂಕದಿಂದ ಭಾಗಿಸಿದರೆ ಅಲ್ಯುಮಿನಿಯಂ 5.4/27, ಅಂದರೆ 0.2 ಮೋಲ್. ಕ್ಲೋರಿನ್ 14.2/71, ಅದೂ 0.2 ಮೋಲ್. 0.2 ಮೋಲ್ ಅಲ್ಯುಮಿನಿಯಂ ಮುಗಿಯಲು 0.3 ಮೋಲ್ ಕ್ಲೋರಿನ್ ಬೇಕಿತ್ತು, ಇರುವುದು 0.2. ಮೊದಲು ಮುಗಿಯುವುದು ಕ್ಲೋರಿನ್, ಅದೇ ಲಿಮಿಟಿಂಗ್ ರೀಏಜೆಂಟ್. ಕ್ಲೋರೈಡ್ 0.2 × 2/3 = 0.133 ಮೋಲ್, ಅದರ ಒಂದು ಮೋಲ್‌ನ ತೂಕ 133.5ರಿಂದ ಗುಣಿಸಿದರೆ 17.8 ಗ್ರಾಂ.

ಅಲ್ಯುಮಿನಿಯಂ ಹಿಡಿದು ಹೊರಟವರಿಗೆ 26.7 ಸಿಗುತ್ತದೆ. ಕ್ಲೋರಿನ್ ಎರಡು ಪರಮಾಣುಗಳ ಅಣು ಎಂಬುದನ್ನು ಮರೆತು 35.5ರಿಂದ ಭಾಗಿಸಿದವರಿಗೆ ಕ್ಲೋರಿನ್ 0.4 ಮೋಲ್ ಬಂದು, ಅಲ್ಯುಮಿನಿಯಂ ಮೊದಲು ಮುಗಿಯುವಂತೆ ಕಂಡು, ಅವರಿಗೂ 26.7 ಸಿಗುತ್ತದೆ! ಎರಡು ಬೇರೆ ಬೇರೆ ತಪ್ಪು, ಉತ್ತರ ಒಂದೇ. ಗೆಳತಿಗೂ ಅದೇ ಬಂತು ಎಂದು ಸಮಾಧಾನಪಟ್ಟರೆ ಕೆಟ್ಟಿತು.

ಇದನ್ನು ಹಿಡಿಯಲು ಐದು ಸೆಕೆಂಡು ಸಾಕು. ಹಾಕಿದ್ದೆಲ್ಲ ಸೇರಿ 5.4 + 14.2 = 19.6 ಗ್ರಾಂ. ಅದಕ್ಕಿಂತ ಹೆಚ್ಚು ತೂಕದ ವಸ್ತು ಬರುವುದೆಲ್ಲಿಂದ? ನಮ್ಮ 17.8ಕ್ಕೆ ಉಳಿದುಹೋದ 1.8 ಗ್ರಾಂ ಅಲ್ಯುಮಿನಿಯಂ ಸೇರಿಸಿದರೆ ಸರಿಯಾಗಿ 19.6.

ಗಣಿತದಲ್ಲಿ ಇಂಥದೇ ಬಲೆ ವರ್ಗ ಮಾಡುವಾಗ. √(ಎಕ್ಸ್ + 7) = ಎಕ್ಸ್ − 5; ಎಷ್ಟು ಪರಿಹಾರಗಳಿವೆ? ಎರಡೂ ಕಡೆ ವರ್ಗ ಮಾಡಿದರೆ 9 ಮತ್ತು 2 ಸಿಗುತ್ತವೆ. 2 ಹಾಕಿ ನೋಡಿ: ಎಡಗಡೆ 3, ಬಲಗಡೆ −3. ವರ್ಗ ಮಾಡಿದಾಗ ಚಿಹ್ನೆಯ ವ್ಯತ್ಯಾಸ ಅಳಿಸಿಹೋಗಿ ಸುಳ್ಳು ಮೂಲ ಒಳಗೆ ಬಂದಿದೆ. ಪರಿಹಾರ ಒಂದೇ, 9. ಲಾಗರಿದಮ್ ಲೆಕ್ಕದಲ್ಲೂ ಸಿಕ್ಕ ಬೆಲೆಯನ್ನು ಮೂಲ ಸಮೀಕರಣಕ್ಕೇ ಹಾಕಿ ನೋಡಬೇಕು, ಮಧ್ಯದ ಸಾಲಿಗಲ್ಲ.

ಆಮ್ಲದ ದ್ರಾವಣಕ್ಕೆ ಪಿಎಚ್ 8 ಬಂದರೂ ಹೀಗೇ ನಿಲ್ಲಿ; ಆಮ್ಲದ್ದು 7ಕ್ಕಿಂತ ಕಡಿಮೆ ಇರಬೇಕು. 10⁻⁸ ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೀರಿನದೇ ಹೈಡ್ರೋಜನ್ ಅಯಾನುಗಳು ಹೆಚ್ಚು. ಅವನ್ನೂ ಸೇರಿಸಿದರೆ ಪಿಎಚ್ ಸುಮಾರು 6.98. ಉಷ್ಣಗತಿಶಾಸ್ತ್ರದಲ್ಲಿ ಎಂಥಾಲ್ಪಿ ಕಿಲೋಜೂಲ್‌ನಲ್ಲಿ, ಎಂಟ್ರೊಪಿ ಜೂಲ್‌ನಲ್ಲಿ ಕೊಡುವುದು ಹಳೇ ಚಾಳಿ. ಗಿಬ್ಸ್ ಶಕ್ತಿಗಾಗಿ ಎಂಥಾಲ್ಪಿಯಿಂದ ತಾಪ × ಎಂಟ್ರೊಪಿ ಕಳೆಯುವ ಮೊದಲು ಏಕಮಾನ ಒಂದು ಮಾಡಿ.

ಇಷ್ಟಕ್ಕೆಲ್ಲ ಸಮಯವಿದೆಯೇ ಎಂದರೆ, ಕೀಮ್ ಎಂಜಿನಿಯರಿಂಗ್‌ನಲ್ಲಿ 180 ನಿಮಿಷಕ್ಕೆ 150 ಪ್ರಶ್ನೆ, ಒಂದಕ್ಕೆ 72 ಸೆಕೆಂಡು. ಅದರಲ್ಲಿ 75 ಗಣಿತ, 45 ಭೌತಶಾಸ್ತ್ರ, ರಸಾಯನಶಾಸ್ತ್ರ 30 ಮಾತ್ರ. ಥಿಯರಿ ಪ್ರಶ್ನೆಗಳನ್ನು ಮೊದಲು ಮುಗಿಸಿದರೆ ಲೆಕ್ಕಗಳಿಗೆ ಸಮಯ ಉಳಿಯುತ್ತದೆ. ಸರಿಗೆ 4, ತಪ್ಪಿಗೆ −1, ಆಯ್ಕೆ ಐದು. ಕಣ್ಣುಮುಚ್ಚಿ ಗುರುತು ಹಾಕಿದರೆ ಸರಾಸರಿ ಲಾಭ ಸೊನ್ನೆ. 26.7ರಂಥ ಒಂದನ್ನು ಖಚಿತವಾಗಿ ಹೊಡೆದುಹಾಕಿದರೆ ಸರಾಸರಿ 0.25 ಅಂಕ ಲಾಭ, ಎರಡನ್ನು ಹೊಡೆದರೆ 0.67. ಕೆಸಿಇಟಿಯ ಲೆಕ್ಕಾಚಾರ ಬೇರೆ: ವಿಷಯಕ್ಕೆ 80 ನಿಮಿಷ, 60 ಪ್ರಶ್ನೆ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಅಲ್ಲಿ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ.

ಅಭ್ಯಾಸದ ಪತ್ರಿಕೆ ತಿದ್ದುವಾಗ ಸರಿಯುತ್ತರ ಬರೆದುಕೊಂಡು ಮುಂದೆ ಹೋಗಬೇಡಿ. ಉಳಿದ ಪ್ರತಿ ಆಯ್ಕೆಯೂ ಯಾವ ತಪ್ಪಿನಿಂದ ಬರುತ್ತದೆ ಎಂದು ಪಕ್ಕದಲ್ಲಿ ಬರೆಯಿರಿ. ಒಂದು ಪತ್ರಿಕೆಗೆ ಹತ್ತು ಲೆಕ್ಕಗಳಲ್ಲಿ ಹೀಗೆ ಮಾಡಿದರೂ ಸಾಕು.